ರಕ್ಷಣೆಯೋ ಮೋಕ್ಷವೋ? ಕನ್ನಡ ಕ್ರೈಸ್ತ ವಾಙ್ಮಯದಲ್ಲಿ ಪರಲೋಕ ವಿಚಾರ

೧. ಪೀಠಿಕೆ

ಒಂದು ಮತದ ತತ್ತ್ವವು ಹೊಸದೊಂದು ನಾಡಿಗೆ ಬಂದು ನೆಲಸಬೇಕಾದರೆ ಮೊದಲು ಆ ನಾಡಿನ ಭಾಷೆಯಿಂದ ಮಾತುಗಳನ್ನು ಕಡ ತರಬೇಕಾಗುತ್ತದೆ. ಕಡ ಬಂದ ಮಾತುಗಳಾದರೋ ತಮ್ಮ ಹಿಂದಿನ ಅರ್ಥವನ್ನು ಹೊಸಿಲ ಆಚೆ ಬಿಟ್ಟು ಒಳಗೆ ಬರುವುದಿಲ್ಲ. ಆತ್ಮ, ಪಾಪ, ಸ್ವರ್ಗ, ನರಕ, ಕೃಪೆ ಮುಂತಾದ ಶಬ್ದಗಳು ಕ್ರೈಸ್ತರ ಸತ್ಯವೇದದ ಕನ್ನಡಕ್ಕೆ ಸೇರುವ ಮೊದಲೇ ಜೈನ, ವೀರಶೈವ, ವೈಷ್ಣವ ಕವಿಗಳ ಕೈಯಲ್ಲಿ ಸಾವಿರ ವರ್ಷ ಪಳಗಿದ್ದವು. ಹೀಗಿರಲು, ಮರಣಾನಂತರದ ಗತಿಯನ್ನೂ ಆತ್ಮಕ್ಕೆ ರಕ್ಷಣೆ ಬೇಕೆಂಬ ಮಾತನ್ನೂ ಕ್ರೈಸ್ತ ಲೇಖಕರು ಕನ್ನಡದಲ್ಲಿ ಹೇಳಿದಾಗ ಕನ್ನಡಿಗನ ಕಿವಿಗೆ ಕೇಳಿಸಿದ್ದು ಏನು? ಅವರು ಹೇಳಹೊರಟಿದ್ದೂ ಇವನು ಕೇಳಿಸಿಕೊಂಡದ್ದೂ ಒಂದೇ ಆಗಿತ್ತೇ? ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಇಷ್ಟನ್ನೇ.

ಈ ವಿಚಾರ ಗಡಿನಾಡಿನ ಅಧ್ಯಾಪಕರಿಗೆ ಹೊರಗಿನದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ಸತ್ಯವೇದವನ್ನು ಕನ್ನಡಿಸುವ ಕೆಲಸಕ್ಕೆ ಕೈಹಾಕಿದರು. ೧೮೩೧ರ ಹೊತ್ತಿಗೆ ಸಂಪೂರ್ಣ ಗ್ರಂಥ ಕನ್ನಡದಲ್ಲಿ ಅಚ್ಚಾಯಿತು. ೧೯೫೩ರಲ್ಲಿ ಆಂಧ್ರಕ್ಕೆ ಸೇರಿದ ಆದವಾನಿ, ರಾಯದುರ್ಗ ಸೀಮೆಗಳು ಆ ಬಳ್ಳಾರಿ ಜಿಲ್ಲೆಯವೇ. ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದಾಗ ಕಾಸರಗೋಡು ದಕ್ಷಿಣ ಕನ್ನಡದೊಳಗೆ ಇತ್ತು. ೧೯೫೬ರವರೆಗೂ ಹಾಗೆಯೇ ಇತ್ತು. ಅದೇ ಮಿಷನ್ ೧೮೪೬ರಲ್ಲಿ ನೀಲಗಿರಿಯ ಕೇತಿಯಲ್ಲಿ ನೆಲೆಯೂರಿತು. ಆದಕಾರಣ ಕನ್ನಡದ ಕ್ರೈಸ್ತ ವಾಙ್ಮಯ ಹುಟ್ಟಿ ಬೆಳೆದ ನೆಲದಲ್ಲಿ ಬಹುಪಾಲು ನಮ್ಮ ಸೀಮೆಗಳದೇ ಎಂದರೆ ಅತಿಶಯೋಕ್ತಿಯಾಗಲಾರದು. ಸಾಹಿತ್ಯಚರಿತ್ರೆಗಳು ಈ ವಾಙ್ಮಯವನ್ನು ಅಚ್ಚುಕೂಟ, ಪತ್ರಿಕೆ, ನಿಘಂಟು ಎಂಬ ಮೂರು ಉಪಕಾರಗಳಿಗಾಗಿ ಸ್ಮರಿಸಿ ಮುಂದೆ ಸಾಗುತ್ತವೆ. ಅದು ಏನನ್ನು ಹೇಳಲು ಹುಟ್ಟಿತೋ ಅದನ್ನು ಓದಿ ತೂಗಿ ನೋಡುವ ಕೆಲಸ ಮಾತ್ರ ಕಡಮೆಯಾಗಿದೆ.

೨. ತತ್ತ್ವದ ಸ್ವರೂಪ

ಮೊದಲು ತತ್ತ್ವವನ್ನು ಅದರ ಮಾತಿನಲ್ಲೇ ತಿಳಿಯುವುದು ನ್ಯಾಯ. ಕ್ರೈಸ್ತ ಬೋಧನೆಯ ಪ್ರಕಾರ ಮನುಷ್ಯನು ದೇವರಿಂದ ಸೃಷ್ಟನಾದವನು; ದೇವರ ಅಂಶವಲ್ಲ. ಅವನಿಗೆ ಭೂಮಿಯ ಮೇಲೆ ಒಂದೇ ಜನ್ಮ, ಒಂದೇ ಮರಣ, ಆಮೇಲೆ ನ್ಯಾಯತೀರ್ಪು. ಪಾಪವೆಂದರೆ ಕೆಟ್ಟ ಕೆಲಸಗಳ ಮೊತ್ತ ಮಾತ್ರವಲ್ಲ. ದೇವರೊಡನೆ ಇರಬೇಕಾಗಿದ್ದ ಸಂಬಂಧ ಕಡಿದುಹೋಗಿರುವ ಸ್ಥಿತಿ. ಈ ಕಡಿತವನ್ನು ಮನುಷ್ಯನು ತನ್ನ ಶಕ್ತಿಯಿಂದ ಕೂಡಿಸಲಾರನು. ದೇವರೇ ಇಳಿದು ಬಂದು, ಕ್ರಿಸ್ತನ ಮರಣ ಮತ್ತು ಪುನರುತ್ಥಾನಗಳ ಮೂಲಕ, ಅದನ್ನು ಕೂಡಿಸಿದನೆಂಬುದೇ ಸುವಾರ್ತೆ. ಕೊನೆಯಲ್ಲಿ ಉಳಿಯುವುದು ದೇಹದ ಹಂಗು ಕಳೆದುಕೊಂಡ ಆತ್ಮವಲ್ಲ, ದೇಹವೂ ಎದ್ದುಬರುತ್ತದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ೧೫ನೆಯ ಅಧ್ಯಾಯದಲ್ಲಿ ಪೌಲನು ಇದಕ್ಕೆ ಬಿತ್ತಿದ ಕಾಳಿನ ಹೋಲಿಕೆಯನ್ನು ಕೊಡುತ್ತಾನೆ. ನೆಲಕ್ಕೆ ಬೀಳುವುದು ಬರಿಯ ಕಾಳು. ಮೇಲೇಳುವುದು ಬೇರೆಯ ಮೈ. ಆದರೂ ಬೆಳೆ ಆ ಕಾಳಿನದೇ.

ಇದರಲ್ಲಿ ಪಂಥಭೇದವಿಲ್ಲದಿಲ್ಲ. ಕೃಪೆಯಲ್ಲಿ ಸತ್ತರೂ ಸಂಪೂರ್ಣ ಶುದ್ಧರಾಗದವರು ಸ್ವರ್ಗ ಸೇರುವ ಮೊದಲು ಶುದ್ಧಿಗೊಳ್ಳುವ ಅವಸ್ಥೆಯೊಂದುಂಟೆಂದು ಕಥೋಲಿಕರು ನಂಬುತ್ತಾರೆ. ಸತ್ತವರಿಗಾಗಿ ಬದುಕಿರುವವರು ಮಾಡುವ ಪ್ರಾರ್ಥನೆಗೆ ಅಲ್ಲಿ ಸ್ಥಾನವಿದೆ. ನವೆಂಬರ್ ೨ರಂದು ಎಲ್ಲ ಮೃತರ ಸ್ಮರಣೆ ನಡೆಯುತ್ತದೆ. ಪ್ರೊಟೆಸ್ಟಂಟರು ಇದನ್ನು ಒಪ್ಪಲಿಲ್ಲ. ೧೫೧೭ರಲ್ಲಿ ಲೂಥರನು ಎತ್ತಿದ ಮೊದಲ ಜಗಳವೇ ಈ ಶುದ್ಧೀಕರಣದ ಶಿಕ್ಷೆಯನ್ನು ಕಡಮೆ ಮಾಡಿಸುವ ಪತ್ರಗಳ ಮಾರಾಟವನ್ನು ಕುರಿತದ್ದು. ವಿಶ್ವಾಸದಿಂದ ರಕ್ಷಣೆಯೋ ಸತ್ಕ್ರಿಯೆಯಿಂದ ರಕ್ಷಣೆಯೋ ಎಂಬ ವಾದ ಅಲ್ಲಿಂದ ಬೆಳೆದು ನಾಲ್ಕು ಶತಮಾನಗಳಿಗೂ ಮೀರಿ ನಡೆಯಿತು. ೧೯೯೯ರ ಅಕ್ಟೋಬರ್ ೩೧ರಂದು ಲೂಥರನ್ ಸಭೆಗಳ ಒಕ್ಕೂಟವೂ ರೋಮಿನ ಸಭೆಯೂ ಈ ವಿಷಯದ ಮೂಲಾಂಶಗಳಲ್ಲಿ ತಮಗೆ ಸಹಮತವಿದೆಯೆಂದು ಕೂಡಿ ಸಹಿಮಾಡಿದವು. ರಕ್ಷಣೆಯ ಮೂಲ ದೇವರ ಕೃಪೆ. ಸತ್ಕ್ರಿಯೆ ಅದರ ಫಲ ಎಂಬುದು ಆ ಒಪ್ಪಂದದ ಸಾರ. ಕನ್ನಡ ಕ್ರೈಸ್ತ ಗ್ರಂಥಗಳನ್ನು ಓದುವವರು ಈ ಭೇದವನ್ನೂ ಈ ಸಹಮತವನ್ನೂ ನೆನಪಿನಲ್ಲಿಡಬೇಕು.

೩. ಮಾತುಗಳ ವಿಚಾರ

ಇನ್ನು ಮಾತುಗಳಿಗೆ ಬರೋಣ. 'ಆತ್ಮ' ಎಂಬುದೇ ಮೊದಲ ತೊಡಕು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಎರಡು ಬೇರೆ ಬೇರೆ ಶಬ್ದಗಳಿವೆ: 'ಪ್ಸುಖೆ', 'ಪ್ನ್ಯೂಮ'. ಮೊದಲನೆಯದು ಜೀವ, ಪ್ರಾಣ, ಒಬ್ಬ ವ್ಯಕ್ತಿಯ ಬದುಕಿನ ಒಟ್ಟು; ಎರಡನೆಯದು ಉಸಿರು, ಗಾಳಿ, ಚೈತನ್ಯ. ಕನ್ನಡದ ಸತ್ಯವೇದದಲ್ಲಿ ಎರಡನೆಯದಕ್ಕೆ 'ಆತ್ಮ' ಎಂದು ಬಂದಿದೆ. 'ಪವಿತ್ರಾತ್ಮ' ಎಂಬ ಮಾತು ಹುಟ್ಟಿದ್ದು ಹಾಗೆ. ಮೊದಲನೆಯದು ಮಾತ್ರ ಒಂದೇ ರೂಪದಲ್ಲಿ ನಿಂತಿಲ್ಲ. ಮತ್ತಾಯನ ಸುವಾರ್ತೆಯ ೧೬ನೆಯ ಅಧ್ಯಾಯದಲ್ಲಿ, ಲೋಕವನ್ನೆಲ್ಲ ಗಳಿಸಿದರೂ ಮನುಷ್ಯನಿಗಾಗುವ ನಷ್ಟವನ್ನು ಹೇಳುವ ಕಡೆ 'ಪ್ರಾಣ' ಎಂದಿದೆ. ಅದೇ ಸುವಾರ್ತೆಯ ೧೦ನೆಯ ಅಧ್ಯಾಯದಲ್ಲಿ, ದೇಹವನ್ನು ಮಾತ್ರ ಕೊಲ್ಲಬಲ್ಲವರಿಗೆ ಅಂಜಬೇಡಿರೆನ್ನುವ ಕಡೆ 'ಆತ್ಮ' ಎಂದಿದೆ. ಮೂಲದಲ್ಲಿ ಎರಡು ಕಡೆಯೂ ಶಬ್ದ ಒಂದೇ.

ಅನುವಾದಕರು ಎಡವಿದರೆಂದು ನಾವು ಹೇಳುತ್ತಿಲ್ಲ. ಸಂದರ್ಭವನ್ನು ನೋಡಿ ಶಬ್ದವನ್ನು ಆರಿಸಿದ್ದು ಅವರ ವಿವೇಕವೇ. ಆದರೆ ಫಲಿತಾಂಶವನ್ನು ಗಮನಿಸಬೇಕು. ಗೀತೆಯ ಸಂಸ್ಕಾರವುಳ್ಳ ಓದುಗನಿಗೆ ಆತ್ಮವೆಂದರೆ ಹುಟ್ಟು ಸಾವುಗಳಿಲ್ಲದ್ದು, ಕತ್ತರಿಸಬಾರದ್ದು, ಸುಡಬಾರದ್ದು. ಅಂಥ ಆತ್ಮಕ್ಕೆ ರಕ್ಷಣೆ ಏಕೆ ಬೇಕು? ಅದು ನಾಶವಾಗುವುದಾದರೂ ಹೇಗೆ? ಮೇಲೆ ಹೇಳಿದ ೧೦ನೆಯ ಅಧ್ಯಾಯದ ಮಾತೇ ಮುಂದುವರಿದು, ಆತ್ಮ ದೇಹಗಳೆರಡನ್ನೂ ನರಕದಲ್ಲಿ ನಾಶಮಾಡಬಲ್ಲವನಿಗೆ ಅಂಜಿರಿ ಎನ್ನುತ್ತದೆ. ಆತ್ಮ ಸ್ವಭಾವದಿಂದ ಅವಿನಾಶಿ ಎಂದು ಕಲಿತವನಿಗೆ ಇದು ವಿರೋಧಾಭಾಸವಾಗಿ ತೋರುವುದು ಸಹಜ. ಕ್ರೈಸ್ತ ತತ್ತ್ವದಲ್ಲಿ ಆತ್ಮದ ಬಾಳು ಅದರ ಸ್ವಂತ ಸೊತ್ತಲ್ಲ. ದೇವರಿಂದ ಪಡೆದದ್ದು, ದೇವರಲ್ಲಿ ಉಳಿಯಬೇಕಾದದ್ದು. ಈ ಒಂದು ಅಂಶ ಮನದಟ್ಟಾದರೆ ಉಳಿದದ್ದು ತಾನಾಗಿ ತಿಳಿಯಾಗುತ್ತದೆ.

ಎರಡನೆಯ ತೊಡಕು ಯೋಹಾನನ ಸುವಾರ್ತೆಯ ೩ನೆಯ ಅಧ್ಯಾಯದ 'ಹೊಸ ಹುಟ್ಟು'. ಇದನ್ನು ಪುನರ್ಜನ್ಮವೆಂದು ತಿಳಿಯುವ ಅಪಾಯ ಕನ್ನಡದಲ್ಲಿ ಇದ್ದೇ ಇದೆ. ಆ ಪ್ರಸಂಗದಲ್ಲಿ ನಿಕೊದೇಮನೆಂಬ ಪಂಡಿತನೇ, ಮುದುಕನಾದವನು ಮತ್ತೆ ತಾಯ ಹೊಟ್ಟೆಯನ್ನು ಹೊಕ್ಕು ಬರಲಾದೀತೇ ಎಂದು ಕೇಳುತ್ತಾನೆ. ಅಲ್ಲಿ ಹೇಳುತ್ತಿರುವುದು ಸಾವಿನಾಚೆಯ ಇನ್ನೊಂದು ಜನ್ಮವನ್ನಲ್ಲ, ಇದೇ ಜನ್ಮದಲ್ಲಿ ಆಗುವ ಮಾರ್ಪಾಟನ್ನು. ನಮ್ಮ ವೀರಶೈವ ಪರಂಪರೆ ಗುರುವಿನ ಕರದಲ್ಲಿ ಹುಟ್ಟುವುದನ್ನು ಹೇಳುತ್ತದಷ್ಟೆ. ಪುನರ್ಜನ್ಮದ ಹೋಲಿಕೆಗಿಂತ ಆ ದೀಕ್ಷಾಜನ್ಮದ ಹೋಲಿಕೆ ಇಲ್ಲಿಗೆ ಎಷ್ಟೋ ಹತ್ತಿರ.

ಮೂರನೆಯದೇ ನಮ್ಮ ಮುಖ್ಯ ವಿಷಯ. ಮೋಕ್ಷ, ಮುಕ್ತಿ ಎಂಬ ಸಿದ್ಧವಾದ ಮಾತುಗಳು ಕೈಗೆ ಎಟಕುವಂತಿದ್ದರೂ ಕನ್ನಡ ಸತ್ಯವೇದದ ಮುಖ್ಯ ಶಬ್ದವಾಗಿ ನಿಂತದ್ದು 'ರಕ್ಷಣೆ', ಕ್ರಿಸ್ತನು 'ರಕ್ಷಕ'. ಈ ಆಯ್ಕೆ ಸಣ್ಣದಲ್ಲ. ಮೋಕ್ಷವೆಂದರೆ ಬಿಡುಗಡೆ, ಜನನ ಮರಣಗಳ ಕಟ್ಟು ಕಳಚುವುದು. ಕಟ್ಟು ಕಳಚಿದ ಮೇಲೆ ಬಿಡಿಸಿದವನೊಡನೆ ಸಂಬಂಧ ಉಳಿಯಲೇಬೇಕೆಂಬ ನಿಯಮ ಆ ಶಬ್ದದಲ್ಲಿಲ್ಲ. ಜೈನರ ಸಿದ್ಧನು ತನ್ನ ತಪಸ್ಸಿನಿಂದಲೇ ಕರ್ಮವನ್ನು ಕಳೆದುಕೊಂಡು ಲೋಕಾಗ್ರದಲ್ಲಿ ನಿಲ್ಲುತ್ತಾನೆ. ರಕ್ಷಣೆಯೆಂದರೆ ಹಾಗಲ್ಲ. ಅಪಾಯ, ಅಪಾಯದಲ್ಲಿ ಸಿಕ್ಕಿದವನು, ಕಾಯುವವನು ಎಂದು ಮೂರು ಪಾತ್ರಗಳು ಆ ಒಂದು ಶಬ್ದದೊಳಗೇ ಇವೆ. ಹೊಳೆಯಲ್ಲಿ ಮುಳುಗುವವನನ್ನು ಎತ್ತಿದರೆ ರಕ್ಷಿಸಿದರೆನ್ನುತ್ತೇವೆ, ಮೋಕ್ಷ ಕೊಟ್ಟರೆನ್ನುವುದಿಲ್ಲ. ಕ್ರೈಸ್ತ ತತ್ತ್ವ ಹೇಳಬೇಕಾಗಿದ್ದುದೂ ಇದನ್ನೇ. ನಮ್ಮ ಅಭಿಪ್ರಾಯದಲ್ಲಿ 'ರಕ್ಷಣೆ'ಯನ್ನು ಆರಿಸಿದ್ದು ಕನ್ನಡ ಅನುವಾದ ಚರಿತ್ರೆಯ ಅತ್ಯುತ್ತಮ ನಿರ್ಧಾರಗಳಲ್ಲಿ ಒಂದು.

ಸ್ಥಳವಾಚಕಗಳಲ್ಲಿಯೂ ಇದೇ ಬಗೆಯ ವಿವೇಕ ಕಾಣುತ್ತದೆ. ಸತ್ತವರ ನೆಲೆಯಾದ 'ಹಾದೆಸ್' ಎಂಬುದಕ್ಕೆ 'ಪಾತಾಳ', ಶಿಕ್ಷೆಯ ನೆಲೆಯಾದ 'ಗೆಹೆನ್ನ'ಕ್ಕೆ 'ನರಕ' ಎಂದು ಬೇರೆ ಬೇರೆ ಮಾತುಗಳು ಬಂದಿವೆ. ಶಿಲುಬೆಯ ಮೇಲೆ ಕಳ್ಳನಿಗೆ ಕ್ರಿಸ್ತನು ಕೊಟ್ಟ ಮಾತಿನಲ್ಲಿ ಮಾತ್ರ 'ಪರದೈಸು' ಎಂಬ ಪರಭಾಷೆಯ ಶಬ್ದ ಹಾಗೆಯೇ ನಿಂತಿದೆ. ಇಂದ್ರನ ಸಭೆ, ಅಪ್ಸರೆಯರು, ಪುಣ್ಯ ತೀರಿದ ಮೇಲೆ ಮರಳಿ ಭೂಮಿಗೆ ಇಳಿಯುವುದು ಇವೆಲ್ಲ 'ಸ್ವರ್ಗ' ಶಬ್ದದ ಬೆನ್ನಿಗೆ ಅಂಟಿಕೊಂಡಿವೆ. 'ಪರದೈಸು' ಎಂದಾಗ ಆ ಯಾವುದೂ ನೆನಪಿಗೆ ಬರುವುದಿಲ್ಲ.

೪. 'ಯಾತ್ರಿಕನ ಸಂಚಾರ'

ಮಾತುಗಳ ಬಲಾಬಲ ತಿಳಿಯಬೇಕಾದರೆ ಅವನ್ನು ಕಥೆಯೊಂದರ ಒಳಗೆ ನೋಡಬೇಕು. ಜಾನ್ ಬನ್ಯನ್ನನ (೧೬೨೮–೧೬೮೮) ರೂಪಕ ಕಥೆ 'ಯಾತ್ರಿಕನ ಸಂಚಾರ' ಎಂಬ ಹೆಸರಿನಿಂದ ೧೮೪೭ರಲ್ಲಿ ಕನ್ನಡಕ್ಕೆ ಬಂತು. ಪಾತ್ರೆಗಳಿಗೆ ಬೆಸುಗೆ ಹಾಕುವ ಕುಲಕಸುಬಿನವನಾದ ಬನ್ಯನ್, ಅನುಮತಿಯಿಲ್ಲದೆ ಧರ್ಮಬೋಧೆ ಮಾಡಿದನೆಂದು ೧೬೬೦ರಿಂದ ಹನ್ನೆರಡು ವರ್ಷ ಸೆರೆಯಲ್ಲಿದ್ದವನು. ಅವನ ಗ್ರಂಥದ ಮೊದಲ ಭಾಗ ೧೬೭೮ರಲ್ಲಿಯೂ ಎರಡನೆಯ ಭಾಗ ೧೬೮೪ರಲ್ಲಿಯೂ ಪ್ರಕಟವಾದವು. ಕಥೆಯೊಳಗಿನ ಹೆಸರುಗಳನ್ನು ಇಲ್ಲಿ ಅರ್ಥಾನುಸಾರವಾಗಿ ನಾವೇ ಕನ್ನಡಿಸಿಕೊಂಡಿದ್ದೇವೆ.

ಗ್ರಂಥದ ಕನ್ನಡ ಹೆಸರೇ ವಿಮರ್ಶೆಗೆ ಅರ್ಹವಾದದ್ದು. ಕನ್ನಡಿಗನಿಗೆ ಯಾತ್ರೆಯೆಂದರೆ ಹೋಗಿ ಬರುವುದು. ಕಾಶಿಗೆ ಹೋದವನು ಗಂಗೆಯ ತಂಬಿಗೆಯೊಡನೆ ಊರಿಗೆ ಮರಳಿ, ನಂಟರನ್ನು ಕರೆದು ಸಮಾರಾಧನೆ ಮಾಡಿದಾಗಲೇ ಯಾತ್ರೆ ಮುಗಿಯಿತು. ಬನ್ಯನ್ನನ ಯಾತ್ರಿಕನು ಮರಳುವುದಿಲ್ಲ. ಅವನು ಬಿಟ್ಟು ಹೊರಟದ್ದು ನಾಶನಗರ. ಸೇರಬೇಕಾದದ್ದು ತನ್ನ ನಿಜವಾದ ಊರು. 'ಸಂಚಾರ' ಎಂಬುದರಲ್ಲಿ ತಿರುಗಾಟದ ಅರ್ಥವುಂಟೇ ಹೊರತು ಹೆಜ್ಜೆ ಹೆಜ್ಜೆಗೂ ಗುರಿಯ ಕಡೆಗೆ ಮುಂದುವರಿಯುವ ಅರ್ಥ ಅಷ್ಟಾಗಿ ಇಲ್ಲ. ಹೆಸರು ಇಂಪಾಗಿದೆ; ಆದರೆ ಕಥೆಯ ಬೆನ್ನೆಲುಬಾದ 'ಹಿಂದಿರುಗಬಾರದು' ಎಂಬ ಭಾವ ಅದರಲ್ಲಿ ಸಡಿಲವಾಗಿದೆಯೆಂದು ಹೇಳಲೇಬೇಕು.

ಕಥೆಯ ಮೊದಲಲ್ಲೇ ಒಬ್ಬ ಮನುಷ್ಯನು ಬೆನ್ನ ಮೇಲೆ ಹೊರೆ ಹೊತ್ತು, ಕೈಯಲ್ಲಿ ಪುಸ್ತಕ ಹಿಡಿದು ಅಳುತ್ತ ನಿಂತಿದ್ದಾನೆ. ಹೊರೆಯನ್ನು ಇಳಿಸುವ ಉಪಾಯ ಅವನಿಗೆ ತಿಳಿಯದು. ನಿರಾಶೆಯ ಕೆಸರಿನಲ್ಲಿ ಹೂತರೂ ಅದು ಕಳಚದು. ಇಕ್ಕಟ್ಟಿನ ಬಾಗಿಲನ್ನು ಹೊಕ್ಕ ಮೇಲೂ ಕಳಚದು. ಶಿಲುಬೆಯ ಮುಂದೆ ಬಂದು ನಿಂತಾಗ ಮಾತ್ರ, ಅವನು ಏನೂ ಮಾಡದೆ ಇದ್ದಾಗಲೇ, ಹೊರೆ ಹೆಗಲಿನಿಂದ ಸಡಿಲಿ ಉರುಳುತ್ತ ಹೋಗಿ ಅಲ್ಲಿದ್ದ ಸಮಾಧಿಯೊಳಗೆ ಬಿದ್ದು ಕಣ್ಮರೆಯಾಗುತ್ತದೆ. ಕೃಪೆಯ ತತ್ತ್ವವನ್ನು ಇದಕ್ಕಿಂತ ಸರಳವಾಗಿ ಚಿತ್ರಿಸುವುದು ಕಷ್ಟ. ಇಳಿಸಿದವನೂ ಅವನಲ್ಲ, ಕೂಲಿಗೆ ಹೊತ್ತವರೂ ಇಲ್ಲ. ಹೊರೆ ಬಿದ್ದದ್ದು ದಾರಿಯ ಆರಂಭದಲ್ಲಿ ಎಂಬುದನ್ನೂ ಗಮನಿಸಬೇಕು. ಗುಡ್ಡ, ಕಣಿವೆ, ಸಂತೆಯ ಹಿಂಸೆ, ಸಂಶಯದ ಕೋಟೆ ಎಲ್ಲವೂ ಬರುವುದು ಆಮೇಲೆ. ನಡೆದದ್ದಕ್ಕೆ ಪ್ರತಿಫಲವಾಗಿ ಹೊರೆ ಇಳಿಯಲಿಲ್ಲ. ಹೊರೆ ಇಳಿದದ್ದರಿಂದ ನಡೆಯಲು ಸಾಧ್ಯವಾಯಿತು.

ಕೊನೆಯಲ್ಲಿ ಸೇತುವೆಯಿಲ್ಲದ ನದಿಯೊಂದು ಅಡ್ಡ ಬರುತ್ತದೆ. ನಮ್ಮ ಓದುಗನಿಗೆ ಇಲ್ಲಿ ವೈತರಣಿ ನೆನಪಾಗದಿರದು. ಭೇದ ಇಷ್ಟು: ಗರುಡ ಪುರಾಣದ ವೈತರಣಿ ಸತ್ತವನ ದಾರಿಯಲ್ಲಿ ಬರುವ ಹೊಳೆ, ಗೋದಾನ ಮಾಡಿದವನಿಗೆ ಅದನ್ನು ದಾಟುವ ಆಸರೆ ಉಂಟು. ಬನ್ಯನ್ನನ ನದಿಯೋ ಮರಣವೇ. ಅದರ ಆಳ ದಾಟುವವನ ವಿಶ್ವಾಸಕ್ಕೆ ತಕ್ಕಂತೆ ಹೆಚ್ಚು ಕಡಮೆಯಾಗುತ್ತದೆ. ಇಷ್ಟು ದೂರ ನಡೆದು ಬಂದ ಕಥಾನಾಯಕನೇ ಅಲ್ಲಿ ಮುಳುಗತೊಡಗಿ ಭಯದಿಂದ ಕೂಗಿಕೊಳ್ಳುತ್ತಾನೆ. ಜೊತೆಗಾರನು ಅವನ ತಲೆಯನ್ನು ನೀರಿನ ಮೇಲಕ್ಕೆ ಹಿಡಿದು, ನೆಲ ಕಾಲಿಗೆ ಸಿಗುತ್ತದೆಂದು ಧೈರ್ಯ ಹೇಳುತ್ತಾನೆ. ಭಕ್ತನಾದವನಿಗೆ ಮರಣಭಯವಿಲ್ಲವೆಂದು ಸುಲಭವಾಗಿ ಹೇಳಿ ಮುಗಿಸದೆ ಇದ್ದುದರಲ್ಲಿ ಬನ್ಯನ್ನನ ಸತ್ಯನಿಷ್ಠೆ ಇದೆ.

ಅದೇ ನದಿಯನ್ನು ದೋಣಿಯಲ್ಲಿ ಸುಖವಾಗಿ ದಾಟಿದವನು ಒಬ್ಬನಿದ್ದಾನೆ. ಅವನ ಹೆಸರು ಅಜ್ಞಾನಿ. ಅಂಬಿಗನ ಹೆಸರು ವ್ಯರ್ಥಾಶೆ. ಅಜ್ಞಾನಿ ದುಷ್ಟನಲ್ಲ. ಪ್ರಾರ್ಥನೆ, ಉಪವಾಸ, ದಾನ ಎಲ್ಲವೂ ಅವನಲ್ಲಿ ಉಂಟು. ಇವೇ ಸಾಕೆಂದು ನಂಬಿದವನು. ದೇವನಗರದ ಬಾಗಿಲಲ್ಲಿ ಅವನ ಬಳಿ ಪ್ರವೇಶಪತ್ರವಿಲ್ಲ. ಅವನನ್ನು ಕಟ್ಟಿ ಒಯ್ದು ಗುಡ್ಡದ ಮಗ್ಗುಲಲ್ಲಿದ್ದ ಇನ್ನೊಂದು ಬಾಗಿಲೊಳಕ್ಕೆ ತಳ್ಳುತ್ತಾರೆ. ಸ್ವರ್ಗದ ಬಾಗಿಲಿನಿಂದಲೂ ನರಕಕ್ಕೆ ದಾರಿಯುಂಟೆಂದು ಕಂಡು ಕನಸುಗಾರನು ಎಚ್ಚರಗೊಳ್ಳುತ್ತಾನೆ. ಕಲೆಯ ದೃಷ್ಟಿಯಿಂದ ಇದು ಅದ್ಭುತವಾದ ಮುಕ್ತಾಯ; ಜಯಘೋಷದ ನಡುವೆ ಓದುಗನ ಎದೆಯನ್ನು ನಡುಗಿಸುತ್ತದೆ. ಆದರೆ ಮಾನವೀಯ ದೃಷ್ಟಿಯಿಂದ ಇಲ್ಲಿ ಬನ್ಯನ್ ಕಠೋರನಾದನೆಂದೇ ನಮ್ಮ ಅಭಿಪ್ರಾಯ. ಅಹಂಕಾರವನ್ನು ಖಂಡಿಸುವುದು ಬೇರೆ. ಅರಿಯದವನನ್ನು ದಂಡಿಸುವುದು ಬೇರೆ. ಕಥೆಯಲ್ಲಿ ಅವನು ಅಹಂಕಾರದ ಸೀಮೆಯಿಂದ ಬಂದವನೆಂದು ಹೇಳಿದೆ, ದಾರಿಯಲ್ಲಿ ಯಾತ್ರಿಕರು ಅವನಿಗೆ ತಿಳಿಯಹೇಳಿದ್ದೂ ಉಂಟು, ನಿಜ. ಆದರೂ ಅವನಿಗಿಟ್ಟ ಹೆಸರು ಅವನ ಮೇಲೆ ಕರುಣೆ ಹುಟ್ಟಿಸುತ್ತದೆ. ತೀರ್ಪು ಆ ಕರುಣೆಯನ್ನು ಲೆಕ್ಕಿಸುವುದಿಲ್ಲ.

ಇನ್ನೊಂದು ಆಕ್ಷೇಪವನ್ನು ನಮ್ಮ ಓದುಗರು ಎತ್ತುವುದುಂಟು. ನಾಯಕನು ಹೆಂಡತಿ ಮಕ್ಕಳ ಕೂಗು ಕೇಳಿಸದಂತೆ ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. ತನ್ನೊಬ್ಬನ ರಕ್ಷಣೆಗಾಗಿ ಸಂಸಾರವನ್ನು ಬಿಟ್ಟದ್ದು ಸ್ವಾರ್ಥವಲ್ಲವೇ, ಎಂದು. ಎರಡನೆಯ ಭಾಗವನ್ನು ಓದಿದವರು ಈ ಆಕ್ಷೇಪಕ್ಕೆ ಉತ್ತರ ಕಂಡುಕೊಳ್ಳುವರು. ಅಲ್ಲಿ ಹೆಂಡತಿ, ನಾಲ್ವರು ಮಕ್ಕಳು, ನೆರೆಯ ಹೆಣ್ಣುಮಗಳು ಎಲ್ಲರೂ ಅದೇ ದಾರಿಯಲ್ಲಿ ಹೊರಡುತ್ತಾರೆ; ಅವರಿಗೆ ಕಾವಲಾಗಿ ಧೀರನೊಬ್ಬನಿದ್ದಾನೆ; ಕುಂಟರೂ ಅಂಜುಬುರುಕರೂ ದಾರಿಯಲ್ಲಿ ಕೂಡಿಕೊಳ್ಳುತ್ತಾರೆ. ಮೊದಲ ಭಾಗದಲ್ಲಿ ಒಬ್ಬೊಬ್ಬನ ಅಳಲಾಗಿದ್ದ ರಕ್ಷಣೆ ಎರಡನೆಯದರಲ್ಲಿ ಒಂದು ಕೂಟದ ಪಯಣವಾಗುತ್ತದೆ. ಎರಡನ್ನೂ ಕೂಡಿಸಿ ಓದದೆ ತೀರ್ಪು ಕೊಡಬಾರದು.

೫. ನೆರೆಹೊರೆಯ ವಿಚಾರಗಳು

ಈಗ ಕನ್ನಡದ ಸ್ವಂತ ಪರಂಪರೆಯನ್ನು ಪಕ್ಕದಲ್ಲಿಟ್ಟು ನೋಡೋಣ. ೧೩ನೆಯ ಶತಮಾನದ ಜನ್ನನ 'ಯಶೋಧರ ಚರಿತೆ'ಯಲ್ಲಿ ಅರಸನು ತಾಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಸಂಕಲ್ಪಹಿಂಸೆಯ ಆ ಒಂದು ಪಾಪಕ್ಕಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಪಾಪದ ಬೇರು ಮನಸ್ಸಿನಲ್ಲಿದೆ ಎಂಬಲ್ಲಿ ಜನ್ನನೂ ಸುವಾರ್ತೆಯೂ ಒಂದೇ ಮಾತನಾಡುತ್ತಾರೆ. ಪಾಪ ಕಳೆಯುವ ಬಗೆಯಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. ಜನ್ನನಲ್ಲಿ ಅದು ಅನುಭವಿಸಿ ತೀರುವುದು, ಧರ್ಮೋಪದೇಶದಿಂದ ಪರಿಪಾಕಗೊಳ್ಳುವುದು. ಇನ್ನೊಬ್ಬನು ಹೊತ್ತು ಕಳೆಯಲಾರನು.

ನಿತ್ಯನರಕದ ಕಲ್ಪನೆ ಕ್ರೈಸ್ತರಿಂದಲೇ ಬಂದ ಹೊಸ ಸರಕೆಂದು ತಿಳಿಯುವುದೂ ಸರಿಯಲ್ಲ. ಅದೇ ಶತಮಾನದಲ್ಲಿ ತುಳುನಾಡಿನಲ್ಲಿ ಹುಟ್ಟಿದ ಮಧ್ವಾಚಾರ್ಯರು ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆಯನ್ನು ಹೇಳಿದರು. ಮೂರನೆಯವರಿಗೆ ಅಂಧತಮಸ್ಸಿನಿಂದ ಮರಳುವಿಕೆಯಿಲ್ಲ. ಹೋಲಿಕೆ ಮೇಲುನೋಟಕ್ಕೆ ಎದ್ದು ಕಾಣುತ್ತದೆ, ಭೇದ ಒಳಗಿದೆ. ಮಾಧ್ವ ಸಿದ್ಧಾಂತದಲ್ಲಿ ಗತಿಯು ಜೀವನ ಅನಾದಿ ಸ್ವಭಾವವನ್ನು ಅನುಸರಿಸಿದ್ದು. ಕ್ರೈಸ್ತರ ಸುವಾರ್ತೆಯಲ್ಲಿ ಕರೆ ಎಲ್ಲರಿಗೂ ಉಂಟು. ಕೊನೆಯ ಗಳಿಗೆಯಲ್ಲಿ ತಿರುಗಿಕೊಂಡ ಕಳ್ಳನಿಗೂ ಉಂಟು. ಅವರಲ್ಲಿಯೂ ಕಾಲ್ವಿನನ ಪಂಥದವರು ದೇವರ ಪೂರ್ವನಿರ್ಣಯವನ್ನು ಎತ್ತಿ ಹೇಳಿದ್ದುಂಟು; ಬನ್ಯನ್ನನೂ ಆ ಬಳಿಗೆ ಸೇರಿದವನೇ. ಆದರೆ ಆ ನಿರ್ಣಯವೂ ಜೀವನ ಸ್ವಭಾವದಿಂದಲ್ಲ, ದೇವರ ಇಚ್ಛೆಯಿಂದ ಎಂಬುದು ಅವರ ಮತ.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಸಾಕ್ಷ್ಯ ನೀಲಗಿರಿಯಲ್ಲಿದೆ. ಬಡಗರ ಶವಸಂಸ್ಕಾರದಲ್ಲಿ ಹಿರಿಯನೊಬ್ಬನು ಸತ್ತವನ ಪಾಪಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತಿದ್ದುದನ್ನೂ ನೆರೆದವರು ಅದಕ್ಕೆ ದನಿಗೂಡಿಸುತ್ತಿದ್ದುದನ್ನೂ ೧೯ನೆಯ ಶತಮಾನದ ಹಲವರು ಬರೆದಿಟ್ಟಿದ್ದಾರೆ. ಚಾರ್ಲ್ಸ್ ಗೋವರನ ೧೮೭೧ರ ದಕ್ಷಿಣ ಭಾರತದ ಜಾನಪದ ಗೀತ ಸಂಗ್ರಹದಲ್ಲಿಯೂ ಥರ್ಸ್ಟನ್ನನ ೧೯೦೯ರ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿಯೂ ಇದರ ವಿವರಗಳಿವೆ. ಹಾವು ಹಲ್ಲಿಗಳನ್ನು ಕೊಂದದ್ದು, ಗಡಿಕಲ್ಲನ್ನು ಸರಿಸಿದ್ದು, ಸರಕಾರಕ್ಕೆ ಚಾಡಿ ಹೇಳಿದ್ದು, ಇಂಥವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಒಟ್ಟು ಸಾವಿರದ ಮುನ್ನೂರು ಪಾಪಗಳೆಂದು ಲೆಕ್ಕ. ಅವನ್ನೆಲ್ಲ ಬಸವನ ಪ್ರತಿರೂಪವಾದ ಕರುವಿನ ಮೇಲೆ ಹೊರಿಸಿ ಅದನ್ನು ಬಿಟ್ಟುಬಿಡುತ್ತಿದ್ದರು. ಸತ್ತವನು ನೂಲಿನಂಥ ಸೇತುವೆಯನ್ನು ದಾಟಿ ಆಚೆಯ ಲೋಕವನ್ನು ಸೇರಲೆಂಬ ಹಾರೈಕೆಯೂ ಅದರಲ್ಲಿತ್ತು.

ಯಾಜಕಕಾಂಡದ ೧೬ನೆಯ ಅಧ್ಯಾಯವನ್ನು ಓದಿದವರಿಗೆ ಇದು ಕೂಡಲೆ ಹೊಳೆಯುತ್ತದೆ. ಅಲ್ಲಿ ಇಸ್ರಾಯೇಲ್ಯರ ಮಹಾಯಾಜಕನು ಜನರ ಪಾಪಗಳನ್ನು ಹೋತದ ತಲೆಯ ಮೇಲೆ ಹೊರಿಸಿ ಅದನ್ನು ಅಡವಿಗೆ ಅಟ್ಟುತ್ತಾನೆ. ಕ್ರಿಸ್ತನನ್ನು ಲೋಕದ ಪಾಪವನ್ನು ಹೊರುವ ಕುರಿಯೆಂದು ಯೋಹಾನನ ಸುವಾರ್ತೆ ಕರೆಯುವಲ್ಲಿಯೂ ಬಲಿಪಶುವಿನ ಈ ಹಳೆಯ ಪರಂಪರೆಯ ನೆನಪೇ ಕೆಲಸ ಮಾಡುತ್ತದೆ. ಎರಡಕ್ಕೂ ಚಾರಿತ್ರಿಕ ನಂಟನ್ನು ಕಲ್ಪಿಸುವ ಅಗತ್ಯವಿಲ್ಲ. ಪಾಪ ತಾನಾಗಿ ಕಳೆಯದು, ಅದನ್ನು ಹೊರುವ ಇನ್ನೊಂದು ಹೆಗಲು ಬೇಕು ಎಂಬ ಅರಿವು ಸುವಾರ್ತೆಯನ್ನು ಕೇಳದೆಯೂ ಕನ್ನಡದ ನೆರೆನುಡಿಯೊಂದನ್ನಾಡುವ ಬೆಟ್ಟದ ಜನಕ್ಕೆ ಇತ್ತು ಎಂಬಷ್ಟೇ ನಮಗೆ ಮುಖ್ಯ. ಭೇದವೂ ಅಷ್ಟೇ ಸ್ಪಷ್ಟ. ಬಡಗರಲ್ಲಿ ಆ ಹೊರೆ ಸಾವಿನ ಬಳಿಕ, ನೆಂಟರಿಷ್ಟರ ಬಾಯಿಂದ, ಪ್ರತಿಯೊಬ್ಬನಿಗೂ ಬೇರೆ ಬೇರೆಯಾಗಿ ಇಳಿಯುತ್ತದೆ. ಮಿಷನ್ನಿನವರ ಬೋಧೆಯಲ್ಲಿ ಅದು ಬದುಕಿರುವಾಗಲೇ, ಸ್ವಂತ ವಿಶ್ವಾಸದಿಂದ, ಎಲ್ಲರಿಗೂ ಒಂದೇ ಸಾರಿ ನಡೆದ ಬಲಿಯಿಂದ ಇಳಿಯುತ್ತದೆ. ಸತ್ತವನಿಗಾಗಿ ಊರೆಲ್ಲ ನಿಂತು ಬೇಡುವ ಆ ಭಾವ ಪ್ರೊಟೆಸ್ಟಂಟರಿಗಿಂತ ಕಥೋಲಿಕರಿಗೆ ಹೆಚ್ಚು ಹತ್ತಿರವಾದದ್ದು ಎಂಬುದೂ ವಿಚಾರಯೋಗ್ಯ.

೬. ನಮ್ಮ ನಿರ್ಣಯ

ಇಲ್ಲಿಯವರೆಗಿನ ವಿಚಾರದಿಂದ ಎರಡು ತಪ್ಪು ದಾರಿಗಳು ಗೊತ್ತಾಗುತ್ತವೆ. ಎಲ್ಲ ಮತಗಳೂ ಹೇಳುವುದು ಒಂದನ್ನೇ, ರಕ್ಷಣೆಯೆಂದರೆ ನಮ್ಮ ಮೋಕ್ಷವೇ, ಎಂದು ಸಮನ್ವಯ ಮಾಡಿಬಿಡುವುದು ಮೊದಲನೆಯದು. ಇದು ಸೌಜನ್ಯದಂತೆ ಕಂಡರೂ ಎದುರಿನವನ ಮಾತನ್ನು ಕೇಳದಿರುವ ಉಪಾಯ. ಇವೆಲ್ಲ ಪರದೇಶದ ಮಾತು, ಕನ್ನಡಕ್ಕೆ ಒಗ್ಗದು, ಎಂದು ತಳ್ಳಿಹಾಕುವುದು ಎರಡನೆಯದು. ಹೊರೆ, ಹೊಳೆ, ಸೇತುವೆ, ಬಾಗಿಲು, ಕಾಯುವವನು, ಇವು ಯಾವುವೂ ಕನ್ನಡಕ್ಕೆ ಪರದೇಶದವಲ್ಲ. ಕ್ರೈಸ್ತ ಲೇಖಕರು ಗೆದ್ದದ್ದು ಈ ನಾಡಿನ ಬಾಳಿನಿಂದಲೇ ಎತ್ತಿಕೊಂಡ ಮಾತುಗಳಲ್ಲಿ; ಸೋತದ್ದು ಪರಿಭಾಷೆಯನ್ನು ವಿವರಿಸದೆ ಬಿಟ್ಟಲ್ಲಿ. ಕರಪತ್ರಗಳ ಕನ್ನಡ ಬೆದರಿಕೆಯ ದನಿಯನ್ನು ಹಿಡಿದಲ್ಲಿಯೂ ಸೋತಿದೆಯೆನ್ನಬೇಕು. ಹೆದರಿಕೆ ಹುಟ್ಟಿಸುವ ಗದ್ಯಕ್ಕೆ ಆಯುಸ್ಸು ಕಡಮೆ. ೧೮೬೨ರಲ್ಲಿ ಕಿಟ್ಟೆಲರು ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಹೇಳಹೊರಟಾಗ ಈ ಸತ್ಯವನ್ನು ಕಂಡುಕೊಂಡಿದ್ದರೆಂದು ತೋರುತ್ತದೆ.

ಪರಲೋಕ ವಿಚಾರ ಇಹವನ್ನು ಮರೆಸುತ್ತದೆಂಬ ಆಕ್ಷೇಪಕ್ಕೂ ಒಂದು ಮಾತು ಹೇಳಬೇಕು. ಲೂಕನ ಸುವಾರ್ತೆಯ ೧೬ನೆಯ ಅಧ್ಯಾಯದಲ್ಲಿ ಐಶ್ವರ್ಯವಂತನೂ ಲಾಜರನೂ ಬರುವ ಕಥೆಯಿದೆ. ಪಾತಾಳದಲ್ಲಿ ಯಾತನೆಪಡುವ ಸಿರಿವಂತನ ಮೇಲೆ ಕೊಲೆ ಕಳವುಗಳ ಆರೋಪವಿಲ್ಲ. ಅವನ ಬಾಗಿಲಲ್ಲಿ ಹುಣ್ಣು ತುಂಬಿದ ಭಿಕ್ಷುಕನೊಬ್ಬ ಬಿದ್ದಿದ್ದ. ಇವನು ದಿನವೂ ಉಂಡು ಸುಖಪಟ್ಟ. ಇಷ್ಟೇ. ಕಥೆ ಪರಲೋಕದಲ್ಲಿ ನಡೆದರೂ ಅದರ ಕಣ್ಣು ಇರುವುದು ಇಹಲೋಕದ ಆ ಬಾಗಿಲ ಮೇಲೆ. ಈ ಕಥೆಯನ್ನು ತರಗತಿಯಲ್ಲಿ ಹೇಳಲು ಯಾವ ಮತದ ಅಧ್ಯಾಪಕನಿಗೂ ಸಂಕೋಚವಿರಬೇಕಾಗಿಲ್ಲ.

ಕೊನೆಗೆ ಒಂದು ಕಠಿಣ ಪ್ರಶ್ನೆ ಉಳಿಯುತ್ತದೆ. ಕ್ರೈಸ್ತ ಬೋಧನೆಯನ್ನು ಓದಿದ ಮಗು, ಇದನ್ನು ಕೇಳದೆಯೇ ಸತ್ತ ನಮ್ಮ ಅಜ್ಜ ಎಲ್ಲಿದ್ದಾನೆ, ಎಂದು ಕೇಳಿದರೆ ಉತ್ತರವೇನು? ಈ ಪ್ರಶ್ನೆಯನ್ನು ಸಭೆಗಳೂ ಕೇಳಿಕೊಂಡಿವೆ. ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರು, ಪ್ರಾಮಾಣಿಕ ಹೃದಯದಿಂದ ದೇವರನ್ನು ಹುಡುಕಿ ಅಂತಃಸಾಕ್ಷಿಯಂತೆ ನಡೆಯಲು ಯತ್ನಿಸಿದರೆ ಅವರಿಗೂ ನಿತ್ಯರಕ್ಷಣೆ ಸಾಧ್ಯವೆಂದು ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೪ರಲ್ಲಿ ತನ್ನ ಶಾಸನದಲ್ಲಿ ಬರೆಯಿತು. ಪ್ರೊಟೆಸ್ಟಂಟರಲ್ಲಿ ಈ ವಿಷಯಕ್ಕೆ ಒಂದೇ ಉತ್ತರವಿಲ್ಲ. ದೇವರ ಕರುಣೆಗೆ ಬಿಡುವವರೂ ಇದ್ದಾರೆ, ಕಟ್ಟುನಿಟ್ಟಾಗಿ ನಿಲ್ಲುವವರೂ ಇದ್ದಾರೆ. ಅಧ್ಯಾಪಕನು ಈ ಎರಡನ್ನೂ ಇದ್ದುದನ್ನು ಇದ್ದಂತೆ ಹೇಳತಕ್ಕದ್ದು. ತೀರ್ಪು ಕೊಡುವುದು ಅವನ ಕೆಲಸವಲ್ಲ. ಪ್ರಶ್ನೆ ಕೇಳಿದ ಮಗುವನ್ನು ಗದರಿಸದಿರುವುದು ಅವನ ಕೆಲಸ.

ಗಡಿನಾಡಿನ ನಮ್ಮ ತರಗತಿಗಳಲ್ಲಿ ಹಲವು ಮನೆಮಾತುಗಳ, ಹಲವು ಮತಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಕನ್ನಡವನ್ನು ಓ��ುತ್ತಾರೆ. 'ಆತ್ಮ' ಎಂಬ ಶಬ್ದ ಬಂದಾಗ ಆ ಬೆಂಚಿನ ಮೇಲೆ ಮೂರು ಅರ್ಥಗಳಾದರೂ ಮೂಡುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಕನ್ನಡದ ಅರ್ಥವೆಂದು ಹೇಳಿ ಉಳಿದವನ್ನು ಅಳಿಸಿದರೆ ಆ ಮಕ್ಕಳಲ್ಲಿ ಕೆಲವರಿಗೆ ಕನ್ನಡ ತಮ್ಮದಲ್ಲವೆನ್ನಿಸೀತು. ಮೂರನ್ನೂ ಬಿಡಿಸಿ ತೋರಿಸಿದರೆ ಭಾಷೆಯೂ ಬೆಳೆಯುತ್ತದೆ, ನಂಬಿಕೆಯೂ ಉಳಿಯುತ್ತದೆ. 'ರಕ್ಷಣೆ'ಯನ್ನು ರಕ್ಷಣೆಯಾಗಿಯೂ 'ಮೋಕ್ಷ'ವನ್ನು ಮೋಕ್ಷವಾಗಿಯೂ ಓದಿಸುವುದೇ ಈ ವಾಙ್ಮಯಕ್ಕೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ. ವಿದ್ವಾಂಸರೂ ಅಧ್ಯಾಪಕ ಬಂಧುಗಳೂ ತಮ್ಮ ತಮ್ಮ ಸೀಮೆಯ ಹಳೆಯ ಕ್ರೈಸ್ತ ಗ್ರಂಥಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ ವಿಚಾರವನ್ನು ಮುಂದುವರಿಸಬೇಕೆಂದು ನಮ್ಮ ಬಿನ್ನಹ.